ಮಗಳು ಬಿಗಿದ ನಟ್ಟನ್ನು ರಾತ್ರಿ ನಾನು ಮತ್ತೆ ಬಿಚ್ಚಿದೆ

ಶೆಡ್ಡಿನ ಅಪ್ಪ

ನಾನೂ ಹದಿಮೂರು ವರ್ಷದ ನನ್ನ ಮಗಳೂ ಸೇರಿ 1968ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರೊಂದನ್ನು ಮತ್ತೆ ರಸ್ತೆಗಿಳಿಸುವ ಕೆಲಸಕ್ಕೆ ಕೈ ಹಾಕಿ ಎಂಟು ತಿಂಗಳಾಯಿತು. 1300 ಎಂಜಿನ್, 12 ವೋಲ್ಟ್. ಬಹಳ ವರ್ಷ ಒಂದೇ ಕಡೆ ನಿಂತಿದ್ದ ಗಾಡಿ. ನೆಲದ ತಗಡು ಗಟ್ಟಿಯಾಗಿದೆ, ಬಾಗಿಲ ಕೆಳಗೆ ಬಿಸಿಗಾಳಿ ಸಾಗಿಸುವ ತಗಡಿನ ಹೀಟರ್ ಚಾನೆಲ್‌ಗಳನ್ನು ತುಕ್ಕು ತಿಂದಿದೆ, ಎಂಜಿನ್ ಕೈಯಲ್ಲಿ ತಿರುಗುತ್ತದೆ. ಈ ಕಾರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. 2003ರ ಜುಲೈವರೆಗೆ 2.15 ಕೋಟಿಗೂ ಹೆಚ್ಚು ತಯಾರಾದ ಮಾದರಿ ಇದು, ಹಾಗಾಗಿ ಬಿಡಿಭಾಗಗಳಿಗೆ ಪರದಾಡಬೇಕಿಲ್ಲ. ರೇಡಿಯೇಟರ್, ನೀರಿನ ಪಂಪ್ ಯಾವುದೂ ಇಲ್ಲದೆ ಗಾಳಿಯಿಂದಲೇ ತಣಿಯುವ ಎಂಜಿನ್ ಆದ್ದರಿಂದ ಮಗುವೊಂದು ಕಣ್ಣಾರೆ ನೋಡಿ ಅರ್ಥ ಮಾಡಿಕೊಳ್ಳಬಹುದು.

ಹೋದ ತಿಂಗಳು ಹಿಂದಿನ ಎಡ ಚಕ್ರದ ಬ್ರೇಕನ್ನು ಪೂರ್ತಿ ಅವಳಿಗೇ ಬಿಟ್ಟೆ. ಹೊಸ ವೀಲ್ ಸಿಲಿಂಡರ್, ಹೊಸ ಶೂಗಳು, ಸ್ಪ್ರಿಂಗ್‌ಗಳು, ಹ್ಯಾಂಡ್‌ಬ್ರೇಕಿನ ಲಿವರ್, ಎಲ್ಲವನ್ನೂ ಅವಳೇ ಜೋಡಿಸಿದಳು. ಹಿಂದಿನ ಆಕ್ಸಲ್ ನಟ್ 36 ಮಿ.ಮೀ. ಅಳತೆಯದು, ಅದನ್ನು ಸುಮಾರು 300 ನ್ಯೂಟನ್ ಮೀಟರ್ ಬಲಕ್ಕೆ ಬಿಗಿಯಬೇಕು. ಅಷ್ಟು ಅವಳ ಕೈಲಾಗದು ಎಂದುಕೊಂಡು ನಾನು ಸ್ಪ್ಯಾನರ್ ಎತ್ತಿಕೊಂಡಾಗ ತಡೆದಳು. ಹಿಡಿಗೆ ಪೈಪ್ ತೊಡಿಸಿ, ನಟ್ಟಿನಿಂದ ಒಂದು ಮೀಟರ್ ದೂರದಲ್ಲಿ 31 ಕಿಲೋ ಭಾರದಷ್ಟು ಎಳೆದರೆ ಸಾಕು ಎಂದು ಲೆಕ್ಕ ಬರೆದು ತೋರಿಸಿದಳು. ಕೊಕ್ಕೆಯ ತಕ್ಕಡಿಯೊಂದನ್ನು ಪೈಪಿನ ತುದಿಗೆ ಸಿಕ್ಕಿಸಿ, ಮುಳ್ಳು 31 ಮುಟ್ಟುವವರೆಗೆ ಎಳೆದಳು. ಆಮೇಲೆ ನಟ್ ಸಡಿಲವಾಗದಂತೆ ಅದರ ತೂತಿಗೆ ಸ್ಪ್ಲಿಟ್ ಪಿನ್ ಹಾಕಿ ಪಿನ್ನಿನ ಎರಡು ಕಾಲುಗಳನ್ನು ಮಡಿಸಿದಳು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅದು ಬ್ರೇಕು, ಆ ಕಾರಿನಲ್ಲಿ ಕೂರುವವಳು ಅವಳು. ಅವಳು ಮಲಗಿದ ಮೇಲೆ ಶೆಡ್ಡಿಗೆ ಹೋಗಿ ನಟ್ ಬಿಚ್ಚಿ, ಬ್ರೇಕನ್ನು ಮುಚ್ಚುವ ಡ್ರಮ್ ಎಳೆದು, ಒಳಗೆಲ್ಲ ನೋಡಿ, ಮತ್ತೆ ಮೊದಲಿನಂತೆ ಜೋಡಿಸಿದೆ. ಅವಳಿಗೆ ಹೇಳಲಿಲ್ಲ. ಮಗಳು ಎಡಗೈ ಬಳಸುವವಳು. ಪಿನ್ನಿನ ಕಾಲುಗಳನ್ನು ಅವಳು ಮಡಿಸಿದ್ದು ಒಂದು ರೀತಿ, ನಾನು ಮಡಿಸಿದ್ದು ಇನ್ನೊಂದು ರೀತಿ. ಮರುದಿನ ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಒಂದು ಮಾತೂ ಆಡದೆ ಕೈಗವಸು ಕಳಚಿಟ್ಟು ಒಳಗೆ ಹೋದಳು. ಮೂರು ವಾರದಿಂದ ಶೆಡ್ಡಿನ ಕಡೆ ತಲೆ ಹಾಕಿಲ್ಲ.

ಬ್ರೇಕನ್ನು ಪರೀಕ್ಷಿಸದೆ ಬಿಡಲು ನನ್ನಿಂದ ಸಾಧ್ಯವಿಲ್ಲ. ಪರೀಕ್ಷಿಸಿದರೆ ಅದು ಅವಳ ಕೆಲಸವಾಗಿ ಉಳಿಯುವುದಿಲ್ಲ. ಮಕ್ಕಳ ಜೊತೆ ಹಳೆಯ ಗಾಡಿ ಕಟ್ಟಿದವರು ಇದನ್ನು ಹೇಗೆ ಬಗೆಹರಿಸಿಕೊಂಡಿರಿ?

ಹತ್ತೊಂಬತ್ತರ ಸ್ಪ್ಯಾನರ್

ಮೊದಲು ಒಂದು ಪ್ರಶ್ನೆ. ಸ್ಪ್ಲಿಟ್ ಪಿನ್ ಹೊಸದು ಹಾಕಿದಿರಾ? ಒಮ್ಮೆ ಮಡಿಸಿ ನೆಟ್ಟಗೆ ಮಾಡಿದ ಪಿನ್ನನ್ನು ಮತ್ತೆ ಬಳಸಬಾರದು. ಇನ್ನೊಂದು: ತೂತು ಹೊಂದದಿದ್ದರೆ ನಟ್ಟನ್ನು ಮುಂದಕ್ಕೆ ಬಿಗಿದೇ ಹೊಂದಿಸಬೇಕು, ಹಿಂದಕ್ಕೆ ಸಡಿಲಿಸಬಾರದು.

ಗ್ಯಾರೇಜಿನಲ್ಲಿ ಇಷ್ಟು ವರ್ಷ ಕಳೆದವನಾಗಿ ಹೇಳುತ್ತೇನೆ, ನೀವು ಪರೀಕ್ಷಿಸಿದ್ದು ಸರಿ. ರಾತ್ರಿ ಪರೀಕ್ಷಿಸಿದ್ದು ತಪ್ಪು. ನೀವು ಬರೆದದ್ದರಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ. ಡ್ರಮ್ ತೆಗೆದು ನೋಡಿದಾಗ ಒಳಗೆ ಏನು ತಪ್ಪು ಕಂಡಿತು?

ಶೆಡ್ಡಿನ ಅಪ್ಪ

ಪಿನ್ ಹೊಸದೇ ಹಾಕಿದೆ.

ಏನೂ ತಪ್ಪಿರಲಿಲ್ಲ.

ಟಾರ್ಚ್ ಹಿಡಿದವನು

ನಾನು ನಿಮ್ಮ ಮಗಳ ಕಡೆಯವನು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಅಪ್ಪನೂ ನಾನೂ ಸೇರಿ ಒಂದು ಹಳೆಯ ಕಾರನ್ನು ಕಟ್ಟಿದೆವು ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಆರು ವರ್ಷ ನಾನು ಮಾಡಿದ ಕೆಲಸವೆಂದರೆ ಟಾರ್ಚ್ ಹಿಡಿದದ್ದು. ಬೆಳಕು ಎಲ್ಲಿಗೆ ಬೀಳಬೇಕೆಂದು ಅವರು ಹೇಳುವ ಮೊದಲೇ ನನಗೆ ತಿಳಿಯುತ್ತಿತ್ತು. ಅವರು ಕೈ ಚಾಚಿದರೆ ಯಾವ ಸ್ಪ್ಯಾನರ್ ಕೊಡಬೇಕೆಂದೂ ತಿಳಿಯುತ್ತಿತ್ತು. ಒಮ್ಮೆ, ಒಂದೇ ಒಂದು ಸಲ, ಕಾರ್ಬ್ಯುರೇಟರಿನ ಮುಚ್ಚಳದ ಐದು ಸ್ಕ್ರೂ ಹಾಕಲು ನನಗೆ ಕೊಟ್ಟರು. ನಾನು ಹಾಕಿ ಮುಗಿಸಿದ ಮೇಲೆ ಒಂದೊಂದನ್ನೂ ಕಾಲು ಸುತ್ತು ತಿರುಗಿಸಿದರು. ಅವರಿಗೆ ಅದು ನೆನಪೂ ಉಳಿದಿರಲಿಕ್ಕಿಲ್ಲ.

ಅವರು ತೀರಿಕೊಂಡ ಮೇಲೆ ಕಾರು ನನ್ನ ಪಾಲಿಗೆ ಬಂತು. ಅದೇ ಕಾರ್ಬ್ಯುರೇಟರನ್ನು ಬಿಚ್ಚಲು ಕುಳಿತಾಗ ನನಗೆ 41 ವರ್ಷ. ಯಾವುದರ ನಂತರ ಯಾವುದು ಬರಬೇಕೆಂಬುದು ಕಣ್ಣಿಗೆ ಗೊತ್ತಿತ್ತು. ಎಷ್ಟು ಬಿಗಿಯಬೇಕೆಂಬುದು ಕೈಗೆ ಗೊತ್ತಿರಲಿಲ್ಲ. ಪೆಟ್ರೋಲ್ ಹಾಯುವ ಹಿತ್ತಾಳೆಯ ಪುಟ್ಟ ಜೆಟ್ಟಿನ ಥ್ರೆಡ್ಡನ್ನು ಮೊದಲ ದಿನವೇ ಕೆಡಿಸಿದೆ. ಶೆಡ್ಡಿನಲ್ಲಿ ಒಬ್ಬನೇ ಕುಳಿತು ಬಹಳ ಹೊತ್ತು ಅತ್ತೆ. ಆ ಜೆಟ್ಟನ್ನು ಹನ್ನೆರಡನೆಯ ವಯಸ್ಸಿನಲ್ಲಿ, ಅಪ್ಪ ಪಕ್ಕದಲ್ಲಿರುವಾಗ ಕೆಡಿಸಬೇಕಿತ್ತು.

ನಿಮ್ಮ ಮಗಳು ತಕ್ಕಡಿ ಕಟ್ಟಿ 31 ಕಿಲೋ ಎಳೆದದ್ದನ್ನು ಓದಿ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಅವಳನ್ನು ಕಳೆದುಕೊಳ್ಳಬೇಡಿ.

ನೇರ ಮಾತು

ಎಲ್ಲರೂ ಅಪ್ಪನ ಮೇಲೆ ಬೀಳುವುದು ನನಗೆ ಸರಿ ಕಾಣುವುದಿಲ್ಲ. ನಾನು ಕೆಲಸ ಕಲಿತದ್ದು ಗುರುವಿನ ಕೈಕೆಳಗೆ. ನಾನು ತಟ್ಟಿದ ತಗಡನ್ನು ಅವರು ನನ್ನ ಕಣ್ಣೆದುರೇ ಮತ್ತೆ ತಟ್ಟುತ್ತಿದ್ದರು. ಮುನಿಸಿಕೊಂಡರೆ ಕೆಲಸ ಬರುವುದಿಲ್ಲ ಎಂಬುದನ್ನೂ ಮಕ್ಕಳು ಕಲಿಯಬೇಕು. ಬ್ರೇಕ್ ಹಿಡಿಯದೆ ಹೋದರೆ ಅವಳ ಬೇಸರಕ್ಕಿಂತ ದೊಡ್ಡ ನೋವಾಗುತ್ತದೆ.

ಟಾರ್ಚ್ ಹಿಡಿದವನು

ನೀವು ಹೇಳಿದ್ದರಲ್ಲೇ ಉತ್ತರವಿದೆ. ನಿಮ್ಮ ಗುರು ತಟ್ಟಿದ್ದು ನಿಮ್ಮ ಕಣ್ಣೆದುರು. ಎಲ್ಲಿ ತಗ್ಗು ಉಳಿದಿತ್ತು ಎಂಬುದು ನಿಮಗೆ ಕಂಡಿತು. ಈ ಹುಡುಗಿಗೆ ಕಂಡದ್ದು ತಿರುವಿಹೋದ ಪಿನ್ ಮಾತ್ರ.

ರೆಕ್ಕೆ ಕೆಲಸ

ನಾನು ವಿಮಾನ ನಿರ್ವಹಣೆಯಲ್ಲಿದ್ದೇನೆ. ಈ ಇಕ್ಕಟ್ಟು ನಮ್ಮಲ್ಲಿ ದಿನವೂ ಬರುತ್ತದೆ, ಅದಕ್ಕೆ ಒಂದು ಪದ್ಧತಿಯೇ ಇದೆ.

ರೆಕ್ಕೆಯ, ಬಾಲದ ಚಲಿಸುವ ಭಾಗಗಳನ್ನು ನಿಯಂತ್ರಿಸುವ ವ್ಯವಸ್ಥೆಯಲ್ಲಿ ಒಬ್ಬರು ಕೈಯಾಡಿಸಿದರೆ, ಆ ಕೆಲಸ ಮಾಡದ ಇನ್ನೊಬ್ಬ ಅರ್ಹರು ಸ್ವತಂತ್ರವಾಗಿ ಪರೀಕ್ಷಿಸಿ ಸಹಿ ಹಾಕಬೇಕು. ಹೊಸಬರ ಕೆಲಸಕ್ಕೂ ಇದೇ ನಿಯಮ, ಕೂದಲು ಬೆಳ್ಳಗಾದವರ ಕೆಲಸಕ್ಕೂ ಇದೇ ನಿಯಮ. ನನ್ನ ಕೆಲಸವನ್ನು ನನಗಿಂತ ಹತ್ತು ವರ್ಷ ಚಿಕ್ಕವರು ಪರೀಕ್ಷಿಸುತ್ತಾರೆ, ಯಾರಿಗೂ ಅವಮಾನವಾಗುವುದಿಲ್ಲ. ಪರೀಕ್ಷೆ ಎರಡೂ ಕಡೆಗೆ ಹರಿಯುತ್ತದೆ, ಎಲ್ಲರಿಗೂ ಗೊತ್ತಿದ್ದೇ ನಡೆಯುತ್ತದೆ.

ನಿಮ್ಮ ಶೆಡ್ಡಿಗೆ ಬೇಕಾಗುವಷ್ಟನ್ನು ಹೇಳುತ್ತೇನೆ. ಒಂದು ದಪ್ಪ ಪುಸ್ತಕ ಇಡಿ. ಏನು ಕೆಲಸ, ಯಾರು ಮಾಡಿದರು, ಎಷ್ಟು ಬಲಕ್ಕೆ ಬಿಗಿದರು, ಯಾರು ನೋಡಿದರು ಎಂದು ಅದರಲ್ಲಿ ಬರೆಯಿರಿ. ಅವಳಿಗೊಂದು ಬಣ್ಣ, ನಿಮಗೊಂದು ಬಣ್ಣ ಇರಲಿ. ಬಿಗಿದ ನಟ್ಟಿನಿಂದ ಬೋಲ್ಟಿನ ಮೇಲಕ್ಕೆ ಹಾಯುವಂತೆ ತೆಳುವಾಗಿ ಬಣ್ಣದ ಗೆರೆ ಎಳೆಯಿರಿ. ನಟ್ ಸ್ವಲ್ಪ ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ನಾವು ಮಾಡುವುದೂ ಹೀಗೆಯೇ.

ಇದರಲ್ಲಿ ಎರಡು ವಿಷಯಗಳು ಬಹಳ ಮುಖ್ಯ. ಪರೀಕ್ಷೆ ನಡೆಯಬೇಕಾದದ್ದು ಮುಚ್ಚುವ ಮೊದಲು. ಡ್ರಮ್ ಹಾಕುವ ಮುನ್ನ ಅವಳೇ ನಿಮ್ಮನ್ನು ಕರೆಯಬೇಕು; ಆಗ ಬಿಚ್ಚುವ ಪ್ರಸಂಗವೇ ಬರುವುದಿಲ್ಲ. ಎರಡನೆಯದು, ಪರೀಕ್ಷಿಸುವವರು ಕೈ ಹಚ್ಚಬಾರದು. ತಪ್ಪು ಕಂಡರೆ ತೋರಿಸಬೇಕು, ಸರಿಪಡಿಸುವುದು ಕೆಲಸ ಮಾಡಿದವರ ಹಕ್ಕು. ಅನುಭವಸ್ಥರಿಗೆ ಇದೇ ಕಷ್ಟ, ನನಗೂ ಕೈ ತುರಿಸುತ್ತದೆ.

ನೇರ ಮಾತು

ಪುಸ್ತಕ, ಬಣ್ಣ ಎರಡನ್ನೂ ಒಪ್ಪುತ್ತೇನೆ. ಆದರೆ ಅಪ್ಪನ ಕೆಲಸವನ್ನು ಪರೀಕ್ಷಿಸಲು ಹದಿಮೂರರ ಹುಡುಗಿಗೆ ಏನು ಗೊತ್ತಿರುತ್ತದೆ? ಸುಮ್ಮನೆ ಸಹಿ ಹಾಕಿದಂತಾಗುತ್ತದೆ.

ರೆಕ್ಕೆ ಕೆಲಸ

ಸುಮ್ಮನೆ ಸಹಿ ಹಾಕುವುದು ದೊಡ್ಡವರ ಕಾಯಿಲೆ. ಅವಳ ಕೈಗೆ ಕಾರಿನ ಕೈಪಿಡಿ ಕೊಡಿ. ಪುಟದಲ್ಲಿ ಬರೆದದ್ದಕ್ಕೂ ಎದುರಿಗೆ ಇರುವುದಕ್ಕೂ ತಾಳೆ ನೋಡಲು ಮೂವತ್ತು ವರ್ಷದ ಅನುಭವ ಬೇಕಿಲ್ಲ. ಅನುಭವ ಇಲ್ಲದವರು ಪುಟವನ್ನು ಪೂರ್ತಿ ಓದುತ್ತಾರೆ. ನಾವು ಓದುವುದನ್ನು ಎಂದೋ ಬಿಟ್ಟಿರುತ್ತೇವೆ.

ಇಬ್ಬರ ಅಮ್ಮ

ನನ್ನ ಮಗ ಹನ್ನೊಂದರವನಿದ್ದಾಗ ಒಂದು ಕಾರು, ಮಗಳು ಹದಿನೈದರವಳಿದ್ದಾಗ ಇನ್ನೊಂದು ಕಾರು ಕಟ್ಟಿದ್ದೇನೆ. ಪರೀಕ್ಷೆಯ ಮಾತಿಗೆ ಮೇಲಿನವರು ಹೇಳಿದ್ದೇ ಸಾಕು. ಮಕ್ಕಳಿಗೆ ಕೊಡಲೇಬಾರದ ಕೆಲಸಗಳ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತೇನೆ.

ಆ ಕಾಲದ ಬ್ರೇಕ್ ಲೈನಿಂಗ್‌ನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತಿತ್ತು. ಹಳೆಯ ಡ್ರಮ್ಮಿನೊಳಗಿನ ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ, ಒಣ ಬ್ರಷ್ಷಿನಿಂದ ಉಜ್ಜಬೇಡಿ. ಒದ್ದೆ ಮಾಡಿ, ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿಬಿಡಿ. ಆ ಕೆಲಸ ದೊಡ್ಡವರದು, ಆ ಹೊತ್ತಿಗೆ ಮಕ್ಕಳು ಶೆಡ್ಡಿನ ಹೊರಗಿರಬೇಕು. ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆ ಬಹಳ. ಅದನ್ನು ಒಣದಾಗಿ ಉಜ್ಜಿದರೆ ಸೀಸದ ಧೂಳು ಏಳುತ್ತದೆ. ಗಟ್ಟಿಕಾರಕ ಬೆರೆಸಿ ಸಿಂಪಡಿಸುವ ಈಗಿನ ಎರಡು ಭಾಗದ ಬಣ್ಣಗಳಲ್ಲಿ ಐಸೊಸೈನೇಟ್ ಇರುತ್ತದೆ, ಸಾಮಾನ್ಯ ಧೂಳಿನ ಮುಖವಾಡ ಅದನ್ನು ತಡೆಯುವುದಿಲ್ಲ. ಸಿಂಪಡಣೆಯನ್ನು ನಾನು ಹೊರಗೆ ಮಾಡಿಸಿದೆ, ಮಕ್ಕಳಿಗೆ ಬಣ್ಣ ಆರಿಸುವ ಹಕ್ಕು ಕೊಟ್ಟೆ. ಮಗ ಆರಿಸಿದ ಹಸಿರು ನನಗೆ ಹಿಡಿಸಲಿಲ್ಲ; ಆ ಕಾರು ಇವತ್ತಿಗೂ ಆ ಹಸಿರಿನಲ್ಲೇ ಇದೆ.

ಜಾಕ್ ಎತ್ತಲು ಮಾತ್ರ. ಎತ್ತಿದ ಮೇಲೆ ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್ ಇಟ್ಟು, ಕಾರನ್ನು ಜೋರಾಗಿ ಅಲುಗಿಸಿ ನೋಡಿದ ನಂತರವೇ ಯಾರಾದರೂ ಅಡಿಗೆ ಹೋಗಬಹುದು. ಬೀಟಲ್‌ನವರಿಗೆ ಇನ್ನೊಂದು ಮಾತು: ಬ್ಯಾಟರಿ ಹಿಂದಿನ ಸೀಟಿನ ಕೆಳಗಿದೆ. ಅದರ ಮುಚ್ಚಳ ಕಾಣೆಯಾಗಿದ್ದರೆ, ಭಾರಕ್ಕೆ ಕುಗ್ಗಿದ ಸೀಟಿನ ಸ್ಪ್ರಿಂಗ್ ಬ್ಯಾಟರಿಯ ತುದಿಗಳಿಗೆ ತಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಹಿಂದೆ ಮಕ್ಕಳನ್ನು ಕೂರಿಸುವ ಮೊದಲು ಆ ಮುಚ್ಚಳ ಇದೆಯೇ ನೋಡಿ. ಎಂಜಿನ್ ಕೋಣೆಯಲ್ಲಿರುವ ಪೆಟ್ರೋಲ್ ಕೊಳವೆಯನ್ನು ಹೇಗೇ ಕಾಣಲಿ, ಬದಲಿಸಿಬಿಡಿ.

ಇನ್ನು ನಿಮ್ಮ ಮಗಳು. ಅವಳು ಬರುವವರೆಗೆ ಆ ಕಾರಿನಲ್ಲಿ ಒಂದು ಸ್ಕ್ರೂ ಕೂಡ ತಿರುಗಿಸಬೇಡಿ. ನೀವು ಅವಳಿಲ್ಲದೆ ಮುಂದೆ ಹೋದರೆ ಅವಳಿಗೆ ಮರಳಲು ಜಾಗವೇ ಉಳಿಯುವುದಿಲ್ಲ.

ಶೆಡ್ಡಿನ ಅಪ್ಪ

ಎರಡು ವಾರ ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಮೊನ್ನೆ ಅವಳೊಡನೆ ಮಾತಾಡಿದೆ.

ರಾತ್ರಿ ಬಿಚ್ಚಿದ್ದು ತಪ್ಪಾಯಿತು ಎಂದೆ. ಅವಳು ಕೇಳಿದ್ದು ಇಷ್ಟು: "ನಾನು ಮಾಡಿದ್ದರಲ್ಲಿ ಏನು ತಪ್ಪಿತ್ತು?"

"ಏನೂ ಇರಲಿಲ್ಲ" ಎಂದೆ.

"ಅಷ್ಟು ಚೆನ್ನಾಗಿತ್ತು ಅಂತ ನಿಮಗೆ ಆವತ್ತೇ ಗೊತ್ತಾಗಿತ್ತು. ಅದನ್ನಾದರೂ ಯಾಕೆ ಹೇಳಲಿಲ್ಲ?"

ನನ್ನ ಬಳಿ ಉತ್ತರ ಇರಲಿಲ್ಲ. ಆ ರಾತ್ರಿ ಡ್ರಮ್ ತೆಗೆದಾಗ ಒಳಗಿನ ಕೆಲಸ ನನ್ನದಕ್ಕಿಂತ ಅಚ್ಚುಕಟ್ಟಾಗಿತ್ತು. ಸ್ಪ್ರಿಂಗಿನ ಕೊಕ್ಕೆಗಳೆಲ್ಲ ಸರಿಯಾದ ತೂತಿನಲ್ಲಿ ಕೂತಿದ್ದವು, ಲೈನಿಂಗ್ ಮೇಲೆ ಗ್ರೀಸಿನ ಒಂದು ಕಲೆಯೂ ಇರಲಿಲ್ಲ. ಟಾರ್ಚ್ ಬೆಳಕಿನಲ್ಲಿ ಒಂದು ನಿಮಿಷ ನೋಡುತ್ತ ನಿಂತಿದ್ದೆ. ಹೆಮ್ಮೆಪಟ್ಟದ್ದನ್ನೂ ಗುಟ್ಟಾಗಿಯೇ ಇಟ್ಟುಕೊಂಡೆ.

ಪುಸ್ತಕ, ಬಣ್ಣದ ವಿಚಾರ ಹೇಳಿದೆ. ಅವಳು ಹಳದಿ ತೆಗೆದುಕೊಂಡಳು, ನನಗೆ ನೀಲಿ ಕೊಟ್ಟಳು. ಒಂದು ಷರತ್ತು ಹಾಕಿದಳು: ಎಡ ಚಕ್ರವನ್ನು ಅವಳೇ ಮತ್ತೆ ಬಿಚ್ಚಿ ಮೊದಲಿನಿಂದ ಕಟ್ಟುತ್ತಾಳೆ, ಬಲ ಚಕ್ರ ನನ್ನದು, ಅದನ್ನು ಅವಳು ನೋಡುತ್ತಾಳೆ. ನಿನ್ನೆ ಎಡ ಚಕ್ರ ಮುಗಿಯಿತು. ಡ್ರಮ್ ಹಾಕುವ ಮೊದಲು ಕರೆದಳು. ಕೈಗಳನ್ನು ಹಿಂದೆ ಕಟ್ಟಿಕೊಂಡು ನೋಡಿದೆ. ತೋರಿಸಲು ಏನೂ ಇರಲಿಲ್ಲ, ಈ ಸಲ ಬಾಯಿಬಿಟ್ಟು ಹೇಳಿದೆ.

ಹತ್ತೊಂಬತ್ತರ ಸ್ಪ್ಯಾನರ್

ಸಂತೋಷ. ಬ್ರೇಕ್ ಕೊಳವೆಗಳಿಂದ ಗಾಳಿ ತೆಗೆಯುವಾಗ ಅವಳನ್ನು ಚಕ್ರದ ಬಳಿ ಕೂರಿಸಿ, ಪೆಡಲ್ ನೀವು ಒತ್ತಿ. ಬ್ರೇಕ್ ಎಣ್ಣೆ ಹೊಸ ಡಬ್ಬಿಯದೇ ಆಗಿರಲಿ. ಅದು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯದಕ್ಕೆ ಹೊಸದಾಗಿದ್ದಾಗ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು, ತೇವ ಹೀರಿದ ಸ್ಥಿತಿಗೆ ನಿಗದಿಯಾದ ಕನಿಷ್ಠ ಮಟ್ಟ 155 ಡಿಗ್ರಿ. ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ, ತಕ್ಷಣ ನೀರಿನಿಂದ ತೊಳೆಯಿರಿ.

ಮುಂದೆ ಏನು, ಎಂಜಿನ್ನೇ?

ಶೆಡ್ಡಿನ ಅಪ್ಪ

ಹೌದು. ಟ್ಯಾಪೆಟ್ ಅಂತರವನ್ನು, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರ್ ತೋಳಿಗೂ ನಡುವಿನ ಸಂದನ್ನು, ನಾನು ಹೊಂದಿಸಿದ್ದೇನೆ, ತಣ್ಣಗಿರುವಾಗ 0.15 ಮಿ.ಮೀ. ಪುಸ್ತಕದಲ್ಲಿ ನೀಲಿ ಗುರುತು ಬಿದ್ದಿದೆ. ಹಳದಿ ಇನ್ನೂ ಬಿದ್ದಿಲ್ಲ. ಶನಿವಾರ ನೋಡುತ್ತೇನೆ ಎಂದಿದ್ದಾಳೆ. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿಗೆ ಇನ್ನೂ ಸ್ವಲ್ಪ ಹೆಚ್ಚು ಅಂತರ ಬಿಡಬೇಕೆಂದು ಕೆಲವರು ಹೇಳುತ್ತಾರೆ. ನಿಜವೇ?

ಹತ್ತೊಂಬತ್ತರ ಸ್ಪ್ಯಾನರ್

ಕಾರಣ ನಿಜ. ನಿಮ್ಮ ಎಂಜಿನ್ನಿನಲ್ಲಿ ಆಯಿಲ್ ಕೂಲರ್ ಫ್ಯಾನಿನ ಕವಚದೊಳಗೆ, ಮೂರನೇ ಸಿಲಿಂಡರಿಗೆ ಹೋಗುವ ಗಾಳಿಯ ದಾರಿಯಲ್ಲೇ ನಿಂತಿದೆ. ಹಾಗಾಗಿ ಅದು ಉಳಿದ ಮೂರಕ್ಕಿಂತ ಹೆಚ್ಚು ಕಾಯುತ್ತದೆ, ಅಲ್ಲಿನ ಎಕ್ಸಾಸ್ಟ್ ವಾಲ್ವ್ ಮೊದಲು ಸೋಲುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕೂ 0.15 ಇಟ್ಟು, ಪದೇ ಪದೇ ತೆಗೆದು ನೋಡುವುದೇ ಒಳ್ಳೆಯದು. ಪ್ರತಿ ಸಲ ಮೂರನೆಯದರಲ್ಲೇ ಅಂತರ ಕಡಿಮೆಯಾಗುತ್ತಿದ್ದರೆ ವಾಲ್ವ್ ಹಿಗ್ಗುತ್ತಿದೆ ಅಥವಾ ತಾನು ಕೂರುವ ಸೀಟಿನೊಳಗೆ ಇಳಿಯುತ್ತಿದೆ ಎಂದರ್ಥ. ಅಂಥ ಎಂಜಿನ್ನನ್ನು ಓಡಿಸಬೇಡಿ. ವಾಲ್ವಿನ ತಲೆ ಮುರಿದು ಒಳಗೆ ಬಿದ್ದರೆ ಪಿಸ್ಟನ್ ಹೋಗುತ್ತದೆ.

ಶೆಡ್ಡಿನ ಅಪ್ಪ

ಶನಿವಾರದ ಸಂಗತಿ ಬರೆಯಲೇಬೇಕು.

ಅವಳು ಕೈಪಿಡಿ ಹಿಡಿದು ಕಾರಿನ ಅಡಿಗೆ ಹೋದಳು. ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ಹಾಕಿ ಒಂದನೇ ಸಿಲಿಂಡರ್ ನೋಡಿದಳು, ಸರಿ. ಪುಲ್ಲಿಯನ್ನು ಅರ್ಧ ಸುತ್ತು ತಿರುಗಿಸು ಎಂದಳು, ತಿರುಗಿಸಿದೆ. "ಈ ಕಡೆಗಲ್ಲ ಅಪ್ಪ, ಹಿಂದಕ್ಕೆ" ಎಂದಳು. ಎಂಜಿನ್ ತಿರುಗುವುದೇ ಈ ಕಡೆಗೆ ಎಂದೆ ನಾನು. ಅವಳು ಹೊರಗೆ ಬಂದು ಪುಟ ತೋರಿಸಿದಳು.

ಬೀಟಲ್‌ನ ಸಿಲಿಂಡರ್‌ಗಳು ಉರಿಯುವ ಕ್ರಮ 1-4-3-2. ಪುಲ್ಲಿಯನ್ನು ಹಿಂದಕ್ಕೆ, ಗಡಿಯಾರದ ಮುಳ್ಳಿಗೆ ಎದುರಾಗಿ, ಅರ್ಧರ್ಧ ಸುತ್ತು ತಿರುಗಿಸಿದರೆ ಮಾತ್ರ 1, 2, 3, 4 ಎಂದು ಸಾಲಾಗಿ ಬರುತ್ತವೆ. ನಾನು ಮುಂದಕ್ಕೆ ತಿರುಗಿಸುತ್ತ 1, 2, 3, 4 ಎಂದೇ ಹೊಂದಿಸಿಕೊಂಡು ಹೋಗಿದ್ದೆ. ಒಂದು ಮತ್ತು ಮೂರು ಸರಿಯಾಗಿದ್ದವು. ಎರಡನೆಯದು ಎಂದುಕೊಂಡಾಗ ವಾಲ್ವ್‌ಗಳು ಪೂರ್ತಿ ಮುಚ್ಚಿದ್ದದ್ದು ನಾಲ್ಕನೆಯದರಲ್ಲಿ, ನಾಲ್ಕನೆಯದು ಎಂದುಕೊಂಡಾಗ ಎರಡನೆಯದರಲ್ಲಿ. ಅಂದರೆ ವಾಲ್ವ್‌ಗಳು ತುಸು ತೆರೆದುಕೊಂಡಿದ್ದಾಗಲೇ ಅವುಗಳ ಸ್ಕ್ರೂಗಳನ್ನು ಸಡಿಲಿಸಿ ಅಂತರ ಕೊಟ್ಟಿದ್ದೆ. ಅವಳು ಹಿಂದಕ್ಕೆ ತಿರುಗಿಸಿ, ಡಿಸ್ಟ್ರಿಬ್ಯೂಟರಿನ ರೋಟರ್ ಎರಡನೆಯದರ ತಂತಿಯ ಕಡೆ ಮುಖ ಮಾಡಿದೆಯೆಂದು ಖಚಿತಪಡಿಸಿಕೊಂಡು ನೋಡಿದಾಗ ರಾಕರ್ ಕೈಯಲ್ಲಿ ಕಟಕಟ ಅಲುಗಿತು. ಹಾಗೇ ಸ್ಟಾರ್ಟ್ ಮಾಡಿದ್ದರೆ ಇಡೀ ಎಂಜಿನ್ ಬಡಿದುಕೊಳ್ಳುತ್ತಿತ್ತು.

ಅವಳು ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಗೇಜನ್ನು ನನ್ನ ಕೈಗೆ ಕೊಟ್ಟು, ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಳು. ನಾಲ್ಕು ವಾಲ್ವ್‌ಗಳನ್ನು ನಾನೇ ಮತ್ತೆ ಹೊಂದಿಸಿದೆ. ಆಮೇಲೆ ಹಳದಿ ಗುರುತು ಬಿತ್ತು.

ನೇರ ಮಾತು

ಅವಳಿಗೇನು ಗೊತ್ತಿರುತ್ತದೆ ಎಂದು ಕೇಳಿದವನು ನಾನು. ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಅವಳಿಗೆ ತಿಳಿಸಿ.

ಶೆಡ್ಡಿನ ಅಪ್ಪ

ಇದನ್ನು ಬರೆಯುತ್ತಿರುವುದು ಮಗಳು. ಎಲ್ಲವನ್ನೂ ಓದಿದೆ. ಟಾರ್ಚ್ ಹಿಡಿದವರ ಮಾತನ್ನು ಎರಡು ಸಲ ಓದಿದೆ. ನಮ್ಮ ಶೆಡ್ಡಿನಲ್ಲಿ ಟಾರ್ಚನ್ನು ಈಗ ತಂತಿಯಿಂದ ಕಟ್ಟಿ ತೂಗುಹಾಕಿದ್ದೇವೆ.

ನನ್ನದೊಂದು ಪ್ರಶ್ನೆ ಇದೆ. ಎಡಗಡೆಯ ಹೀಟರ್ ಚಾನೆಲ್ ಪೂರ್ತಿ ಹೋಗಿದೆ, ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೆ ಇಳಿಯುತ್ತದೆ. ಅದನ್ನು ಕತ್ತರಿಸಿ ಹೊಸದು ಹಾಕಬೇಕು. ಮೊದಲು ಬಾಡಿಯನ್ನು ಕೆಳಗಿನ ನೆಲದಿಂದ ಬಿಚ್ಚಿ ಎತ್ತಬೇಕೇ, ಅಥವಾ ಅಲ್ಲೇ ಇಟ್ಟು ಕತ್ತರಿಸಬೇಕೇ? ವೆಲ್ಡಿಂಗ್ ನಾನು ಮಾಡುವುದಿಲ್ಲ. ಅಳತೆ ನನ್ನ ಕೆಲಸ.

ಹತ್ತೊಂಬತ್ತರ ಸ್ಪ್ಯಾನರ್

ನೋಡಮ್ಮ, ಎತ್ತಬೇಡಿ. ಬಾಗಿಲ ಕೆಳಗೆ ಬಾಡಿಗೆ ಬಲ ಕೊಡುವುದು ಆ ಚಾನೆಲ್ಲೇ. ಅದು ಸತ್ತಿರುವಾಗ ಬಾಡಿಯನ್ನು ಎತ್ತಿದರೆ ನಡುವೆ ಬಾಗುತ್ತದೆ, ಆಮೇಲೆ ಬಾಗಿಲು ಎಂದೂ ಸರಿಯಾಗಿ ಕೂರುವುದಿಲ್ಲ. ನೆಲಕ್ಕೆ ಬೋಲ್ಟ್ ಹಾಕಿದಂತೆಯೇ ಇರಲಿ, ಕಾರು ಸಮತಟ್ಟಾಗಿ ನಿಂತಿರಲಿ. ಬಾಗಿಲ ತೆರಪಿನಲ್ಲಿ ಹಿಂಜ್ ಇರುವ ಕಂಬದಿಂದ ಬೀಗ ಇರುವ ಕಂಬಕ್ಕೆ ಅಡ್ಡವಾಗಿ ಚೌಕ ಪೈಪ್ ವೆಲ್ಡ್ ಮಾಡಿಸು. ಬಾಗಿಲು ಮುಚ್ಚಲು ಅಡ್ಡಿಯಾಗದಂತೆ ಅದು ಒಳಗಡೆ ಇರಬೇಕು. ಒಂದು ಸಲಕ್ಕೆ ಒಂದೇ ಪಕ್ಕ. ಹೊಸ ಚಾನೆಲ್ಲನ್ನು ಮೊದಲು ಚುಕ್ಕಿ ಚುಕ್ಕಿಯಾಗಿ ಹಿಡಿಸಿ, ಬಾಗಿಲು ತೂಗುಹಾಕಿ ಮುಚ್ಚಿ ನೋಡಿ, ಆಮೇಲೆ ಪೂರ್ತಿ ವೆಲ್ಡ್. ಪೆಟ್ರೋಲ್ ಟ್ಯಾಂಕ್ ಮುಂದಿದೆ, ಅದು ಶೆಡ್ಡಿನಿಂದಲೇ ಹೊರಗೆ ಹೋಗಬೇಕು. ಬ್ಯಾಟರಿಯೂ ಹೊರಗೆ.

ಕತ್ತರಿಸುವ ಮಾತು ಆಮೇಲೆ. ಈಗ ಬಾಗಿಲು ಮುಚ್ಚಿ, ಹಿಂದಿನ ಅಂಚಿನ ಸಂದನ್ನು ಮೇಲೆ, ನಡುವೆ, ಕೆಳಗೆ ಅಳೆದು ಇಲ್ಲಿ ಬರೆ.

ಶೆಡ್ಡಿನ ಅಪ್ಪ

ಮಗಳು. ಮೇಲೆ 4 ಮಿ.ಮೀ., ನಡುವೆ 4.5, ಕೆಳಗೆ 7. ಅಪ್ಪ ಅಳೆದಾಗ ಕೆಳಗಿನದು 6.5 ಬಂತು. ಪುಸ್ತಕದಲ್ಲಿ ಎರಡನ್ನೂ ಬರೆದಿದ್ದೇವೆ, ಗುರುತು ಇನ್ನೂ ಹಾಕಿಲ್ಲ. ನಾಳೆ ಬೆಳಕಿನಲ್ಲಿ ಇಬ್ಬರೂ ಮತ್ತೆ ಅಳೆಯುತ್ತೇವೆ.